ಗುಲ್‌ಮೊಹರ್ ಹೂ ಬಿಡುತ್ತಿಲ್ಲವೆ, ಹಳದಿಯಾಗಿದೆಯೆ, ವಾಲಿದೆಯೆ? ಬುಡದಿಂದ ನೋಡುತ್ತ ಬನ್ನಿ

ಗುಲ್‌ಮೊಹರ್‌ಗೆ ಏನೋ ಆಗಿದೆ ಅನಿಸಿದಾಗ ಎಲ್ಲರೂ ತಲೆಯೆತ್ತಿ ಎಲೆ, ಟೊಂಗೆ ನೋಡುತ್ತಾರೆ. ಮೊದಲು ನೋಡಬೇಕಾದ್ದು ಬುಡ. ಕಲಬುರಗಿ, ಬೀದರ, ಯಾದಗಿರಿಯ ಅಂಗಳ, ಶಾಲೆ ಮೈದಾನ, ರಸ್ತೆ ಬದಿಗಳಲ್ಲಿ ಈ ಮರಕ್ಕೆ ಬರುವ ತೊಂದರೆಗಳಲ್ಲಿ ಹುಳು, ರೋಗದ ಪಾಲು ಕಡಿಮೆ. ನಿಂತ ನೀರು, ಬೊಡ್ಡೆಗೆ ತಾಗುವವರೆಗೆ ಹಾಸಿದ ಫರಸಿ, ಹೊತ್ತಲ್ಲದ ಹೊತ್ತಿನಲ್ಲಿ ಆಡಿದ ಗರಗಸ, ಇವುಗಳ ಪಾಲೇ ಹೆಚ್ಚು. ಮಡಗಾಸ್ಕರ್‌ನ ಒಣ ಕಾಡಿನಿಂದ ಬಂದ ಮರ ಇದು. ವರ್ಷದಲ್ಲಿ ಕೆಲವು ತಿಂಗಳು ನೀರಿಲ್ಲದೆ ಇರುವುದು ಇದಕ್ಕೆ ರೂಢಿ. ಔಷಧದ ಅಂಗಡಿಗೆ ಹೋಗುವ ಮೊದಲು ಒಂದು ಹಾರೆ, ಒಂದು ಕುರ್ಪಿ, ಎರಡು ಕೊಡ ನೀರು ಇದ್ದರೆ ಅರ್ಧ ಪರೀಕ್ಷೆ ಮುಗಿಯುತ್ತದೆ.

ಒಂದು ವಿನಾಯಿತಿ ಇದೆ. ಮರ ಈಚೆಗೆ ವಾಲಿದ್ದರೆ, ಬುಡದಲ್ಲಿ ಅಣಬೆ ಎದ್ದಿದ್ದರೆ, ಟೊಂಗೆ ಕರೆಂಟಿನ ತಂತಿಗೆ ತಾಗುತ್ತಿದ್ದರೆ ಉಳಿದದ್ದನ್ನು ಬಿಟ್ಟು ನೇರವಾಗಿ ‘ಟೊಂಗೆ ಮುರಿಯುತ್ತಿದೆ, ಮರ ವಾಲಿದೆ’ ಎಂಬ ಭಾಗಕ್ಕೆ ಹೋಗಿ.

ಎಲೆಯೆಲ್ಲ ಉದುರಿ ಬೋಳಾಗಿದೆ

ಇದು ಯಾವ ತಿಂಗಳು ಅನ್ನುವುದೇ ಉತ್ತರ. ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ, ಅಂದರೆ ಮಾರ್ಚ್ ಸುಮಾರಿಗೆ, ಮರ ಬೋಳಾಗಿ ಒಣ ಕಾಯಿ ಮಾತ್ರ ಜೋತಾಡುತ್ತಿದ್ದರೆ ಅದು ರೋಗವಲ್ಲ. ನೀರು ಉಳಿಸಿಕೊಳ್ಳಲು ಮರವೇ ಎಲೆ ಕಳಚುತ್ತದೆ. ಅನುಮಾನವಿದ್ದರೆ ಪೆನ್ಸಿಲ್ ದಪ್ಪದ ಟೊಂಗೆಯ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರು, ಹಸಿ ಇದ್ದರೆ ಜೀವವಿದೆ. ಕಂದು ಬಣ್ಣದ ಒಣ ಪುಡಿ ಬಂದರೆ ಆ ಟೊಂಗೆ ಸತ್ತಿದೆ; ಇನ್ನೂ ಕೆಳಗೆ, ದಪ್ಪ ಟೊಂಗೆಯಲ್ಲಿ ಕೆರೆದು ಜೀವ ಎಲ್ಲಿಯವರೆಗೆ ಇದೆ ಎಂದು ಗುರುತಿಸಿ. ಜುಲೈ, ಆಗಸ್ಟ್‌ನಲ್ಲಿ ಎಲೆ ಉದುರಿದರೆ ಮಾತ್ರ ಚಿಂತೆ ಮಾಡಬೇಕು. ಆಗ ಬೇರಿಗೆ ಉಸಿರು ಕಟ್ಟಿದೆ, ಇಲ್ಲವೆ ಹುಳು ಬಿದ್ದಿದೆ.

ಏಳೆಂಟು ವರ್ಷವಾಯ್ತು, ಒಂದು ಹೂವೂ ಇಲ್ಲ

ಮೊದಲು ಇದು ಗುಲ್‌ಮೊಹರ್ ಹೌದೋ ಅಲ್ಲವೋ ನೋಡಿ. ನರ್ಸರಿಯಲ್ಲಿ ಸಸಿ ಇದ್ದಾಗ ಹಳದಿ ಹೂವಿನ ಪೆಲ್ಟೋಫೋರಂ, ನೀಲಿ ಹೂವಿನ ಜಕರಂಡಾ, ಪೊದೆಯಾಗಿಯೇ ಉಳಿಯುವ ರತ್ನಗಂಧಿ, ಕೊನೆಗೆ ಸುಬಾಬುಲ್ ಕೂಡ ಒಂದೇ ತರಹ ಕಾಣುತ್ತವೆ. ಗುರುತು ಹಿಡಿಯಲು ಎಲೆದಂಟು ಟೊಂಗೆಗೆ ಕೂಡುವ ಜಾಗವನ್ನು ಹತ್ತಿರದಿಂದ ನೋಡಿ. ಗುಲ್‌ಮೊಹರ್ ಆದರೆ ಚಿಗುರು ಎಲೆಯ ದಂಟಿನ ಬುಡದ ಎರಡೂ ಬದಿ ಸಣ್ಣ ಬಾಚಣಿಗೆಯಂತೆ ಸೀಳಿದ ಎಳೆಗಳಿರುತ್ತವೆ. ಪೆಲ್ಟೋಫೋರಂ ಚಿಗುರಿಗೆ ತುಕ್ಕಿನ ಬಣ್ಣದ ಮೆತ್ತನೆ ರೋಮ ಇರುತ್ತದೆ. ಜಕರಂಡಾದಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ, ಗುಲ್‌ಮೊಹರ್‌ನಲ್ಲಿ ಒಂದಾದ ಮೇಲೊಂದು.

ಮರ ಸರಿಯಾದದ್ದೇ ಆಗಿದ್ದರೆ ವಯಸ್ಸು ಲೆಕ್ಕ ಹಾಕಿ. ಬೀಜದಿಂದ ಬಂದ ಗಿಡ ಒಳ್ಳೆ ಬಿಸಿಲಿನಲ್ಲಿ ನಾಲ್ಕೈದು ವರ್ಷಕ್ಕೆ ಹೂ ಕಾಣಿಸಬಹುದು. ಎಂಟು, ಹತ್ತು ವರ್ಷ ಹಿಡಿಯುವುದೂ ಇದೆ. ಐದು ವರ್ಷದ ಗಿಡಕ್ಕೆ ಹೂ ಬರಿಸುವ ಟಾನಿಕ್ ಕುಡಿಸುವುದು ದುಡ್ಡು ದಂಡ.

ಮುಂದಿನದು ಬಿಸಿಲು. ದಿನಕ್ಕೆ ಆರು ತಾಸಾದರೂ ನೇರ ಬಿಸಿಲು ಬೀಳಬೇಕು. ಪಕ್ಕದಲ್ಲಿ ಎರಡು ಮಹಡಿ ಎದ್ದ ಮೇಲೆ ಹೂ ನಿಂತಿದ್ದರೆ ಕಾರಣ ಬೇರೆಡೆ ಹುಡುಕಬೇಡಿ. ಬಿಸಿಲು ಬೀಳುವ ಬದಿಯಲ್ಲಷ್ಟೇ ಹೂ ಬಂದು ಇನ್ನೊಂದು ಬದಿ ಬರೀ ಹಸಿರು ಇದ್ದರೂ ಅದೇ ಅರ್ಥ.

ವಯಸ್ಸೂ ಇದೆ, ಬಿಸಿಲೂ ಇದೆ, ಎಲೆ ದಟ್ಟವಾಗಿ ಕಡುಹಸಿರಾಗಿದೆ, ಹೂ ಮಾತ್ರ ಇಲ್ಲ ಅಂದರೆ ತಪ್ಪು ನೀರಿನದು. ಮರದ ಕೆಳಗೆ ಹುಲ್ಲುಹಾಸು ಮಾಡಿ ದಿನಾ ಪೈಪು ಬಿಡುವುದು, ಪಾತ್ರೆ ತೊಳೆದ ನೀರನ್ನು ಪಾತಿಗೆ ತಿರುಗಿಸುವುದು, ಹುಲ್ಲಿಗೆಂದು ಎರಚಿದ ಯೂರಿಯಾ, ಎಲ್ಲವೂ ಮರಕ್ಕೆ ‘ಇನ್ನೂ ಬೆಳೆ’ ಎಂದೇ ಹೇಳುತ್ತವೆ. ಹೂ ಬರುವುದು ಬೆಳವಣಿಗೆ ನಿಂತು, ಒಣ ಕಾಲ ಕಳೆದ ಮೇಲೆ. ಬಲಿತ ಮರಕ್ಕೆ ದೀಪಾವಳಿಯಿಂದ ಮೊಗ್ಗು ಕಾಣುವವರೆಗೆ ನೀರು ಪೂರ್ತಿ ನಿಲ್ಲಿಸಿ, ಯೂರಿಯಾ ಬಿಟ್ಟುಬಿಡಿ. ಮುಂಗಾರಿನ ಮೊದಲಲ್ಲಿ ಎರಡು ಮೂರು ಬುಟ್ಟಿ ಹಳೆಯ ತಿಪ್ಪೆಗೊಬ್ಬರ ಬೊಡ್ಡೆಯಿಂದ ದೂರ ಹರಡಿದರೆ ವರ್ಷಕ್ಕೆ ಅಷ್ಟೇ ಸಾಕು. ಗುಣ ಕಾಣಲು ಒಂದು ಪೂರ್ತಿ ಬೇಸಿಗೆ ಬೇಕು. ಈ ವರ್ಷ ನೀರು ನಿಲ್ಲಿಸಿ ಮುಂದಿನ ತಿಂಗಳು ಹೂ ಕೇಳಬೇಡಿ.

ಹೋದ ವರ್ಷದವರೆಗೆ ಹೂ ಬಂದು ಈ ವರ್ಷ ನಿಂತಿದ್ದರೆ ಗರಗಸದ ನೆನಪು ಮಾಡಿಕೊಳ್ಳಿ. ಹೂಗೊಂಚಲು ಬರುವುದು ಟೊಂಗೆಗಳ ತುದಿಯಲ್ಲಿ. ಜನವರಿ, ಫೆಬ್ರುವರಿಯಲ್ಲಿ ‘ಬೋಳಾಗಿದೆ, ಈಗ ಕಡಿಯುವುದು ಸಲೀಸು’ ಎಂದು ತುದಿಗಳನ್ನೆಲ್ಲ ಬೋಳಿಸಿದರೆ ಆ ಬೇಸಿಗೆಯ ಕೆಂಪನ್ನೂ ಅದರ ಜೊತೆಗೇ ಕಡಿದ ಹಾಗೆ. ಆಕಾರಕ್ಕೆಂದು ಸವರುವುದಿದ್ದರೆ ಹೂ ಮುಗಿದ ಮೇಲೆ, ಕಾರಹುಣ್ಣಿಮೆಯ ಆಸುಪಾಸು, ಮಳೆ ಬಿಡುವು ಕೊಟ್ಟ ನಾಲ್ಕು ಒಣ ದಿನ ನೋಡಿ ಮಾಡಿ. ಸತ್ತ, ಮುರಿದ ಟೊಂಗೆಗೆ ಈ ನಿಯಮವಿಲ್ಲ. ಅದನ್ನು ಯಾವಾಗ ಬೇಕಾದರೂ ತೆಗೆಯಬೇಕು.

ಎಲೆ ಹಳದಿಯಾಗುತ್ತಿದೆ

ಹಳದಿ ಎಲ್ಲಿಂದ ಶುರುವಾಯಿತು ಎಂಬುದು ಮುಖ್ಯ. ಕೆಳಗಿನ ಹಳೆ ಎಲೆ ಸಮನಾಗಿ ಹಳದಿಯಾಗಿ ಉದುರುತ್ತಿದ್ದು ತಿಂಗಳು ಡಿಸೆಂಬರ್ ದಾಟಿದ್ದರೆ ಸುಮ್ಮನಿರಿ. ಮಳೆಗಾಲದಲ್ಲೇ ಎಳೆ ಗಿಡದ ಹಳೆ ಎಲೆ ಹೀಗಾದರೆ ಗೊಬ್ಬರದ ಹಸಿವು, ತಿಪ್ಪೆಗೊಬ್ಬರ ಸಾಕು.

ತುದಿಯ ಹೊಸ ಎಲೆ ಹಳದಿ, ಹಳೆಯದು ಹಸಿರು ಇದ್ದರೆ ಕಬ್ಬಿಣದ ಕೊರತೆ ಎಂದು ಅನುಮಾನಿಸಿ. ಗುಲ್‌ಮೊಹರ್‌ನ ಒಂದೊಂದು ಎಸಳೆಲೆ ಸೆಂಟಿಮೀಟರಿನಷ್ಟೇ ಇರುವುದರಿಂದ ಬರಿಗಣ್ಣಿಗೆ ನರ ಸರಿಯಾಗಿ ಕಾಣದು. ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿಯಿರಿ. ನಡುನರ ಸಣ್ಣ ಹಸಿರು ಗೆರೆಯಾಗಿ ಉಳಿದು ಸುತ್ತ ತಿಳಿಹಳದಿ ಇದ್ದರೆ ಅದೇ. ಶಹಾಬಾದ್, ಸೇಡಂ, ಚಿತ್ತಾಪುರದ ಸುಣ್ಣಕಲ್ಲಿನ ಪಟ್ಟಿಯಲ್ಲಿ ಇದು ಸಾಮಾನ್ಯ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ; ಸುಣ್ಣ ಅದನ್ನು ಬೇರಿಗೆ ಸಿಗದ ಹಾಗೆ ಕಟ್ಟಿಹಾಕುತ್ತದೆ. ಮನೆ ಕಟ್ಟುವಾಗ ಫರಸಿ ಪಾಲಿಶ್‌ನ ಬಿಳಿ ರಾಡಿಯನ್ನು ಮರದ ಬುಡಕ್ಕೆ ಚೆಲ್ಲಿದ್ದರೆ ತೊಂದರೆ ಎರಡು ಪಟ್ಟು: ಸುಣ್ಣವೂ ಸೇರಿತು, ಒಣಗಿದ ಮೇಲೆ ಗಾಳಿಯೂ ಆಡದಂತಾಯಿತು. ಅಂಥ ಪದರವಿದ್ದರೆ ಮೊದಲು ಕುರ್ಪಿಯಿಂದ ಎಬ್ಬಿಸಿ ಹೊರಗೆ ಹಾಕಿ.

ಆಮೇಲೆ ಸಿಂಪರಣೆ. ಒಂದು ಲೀಟರ್ ನೀರಿಗೆ 1 ಗ್ರಾಂ ಸಿಟ್ರಿಕ್ ಆಮ್ಲ (ಕಿರಾಣಿಯಲ್ಲಿ ನಿಂಬೆ ಉಪ್ಪು ಅನ್ನುತ್ತಾರೆ) ಮೊದಲು ಕರಗಿಸಿ, ನಂತರ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಹಾಕಿ. ದ್ರಾವಣ ತಿಳಿಹಸಿರಾಗಿರಬೇಕು. ಕಂದಾಗಿದ್ದರೆ ಕಬ್ಬಿಣ ಆಗಲೇ ತುಕ್ಕಾಗಿದೆ, ಚೆಲ್ಲಿಬಿಡಿ. ಬೆಳಿಗ್ಗೆ ಬಿಸಿಲೇರುವ ಮೊದಲು ಹೊಸ ಎಲೆಗೆ ಹೊಡೆದು, 15 ದಿನ ಬಿಟ್ಟು ಮತ್ತೊಮ್ಮೆ. ಕೆಳಗೆ ಶಹಾಬಾದ್ ಫರಸಿ ಇದ್ದರೆ ಚೀಲ ಹಾಸಿ. ಬಿದ್ದ ಹನಿ ಕಲ್ಲಿನ ಮೇಲೆ ತುಕ್ಕಿನ ಕಲೆಯಾಗಿ ಉಳಿಯುತ್ತದೆ. ಅನ್ನಭೇದಿಯನ್ನು ಹಾಗೇ ಮಣ್ಣಿಗೆ ಹಾಕಿದರೆ ಸುಣ್ಣ ನುಂಗುತ್ತದೆ. ಮಣ್ಣಿಗೇ ಕೊಡುವುದಾದರೆ ಇಡಿಡಿಎಚ್‌ಎ ರೂಪದ ಕಬ್ಬಿಣ ಕೇಳಿ ತನ್ನಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಇಡಿಟಿಎ ರೂಪ ಈ ಮಣ್ಣಿನಲ್ಲಿ ನಿಲ್ಲದು. ದೊಡ್ಡ ಮರಕ್ಕೆ ಇದೆಲ್ಲ ಕೈಗೆಟುಕುವ ಕೆಲಸವಲ್ಲ. ಬಲಿತ ಮರ ಸ್ವಲ್ಪ ಹಳದಿ ಇದ್ದರೂ ಹೂ ಬಿಡುತ್ತಿದ್ದರೆ ಬಿಟ್ಟುಬಿಡುವುದೇ ಜಾಣತನ.

ಹೊಸದು, ಹಳೆಯದು ಅನ್ನದೆ ಇಡೀ ಮರ ಜೋತುಬಿದ್ದು ಹಳದಿಯಾಗಿದ್ದರೆ ಬೇರು ನೋಡಬೇಕು. ಇಲ್ಲೊಂದು ಎಚ್ಚರಿಕೆ: ಈ ಮರ ಸಂಜೆಯಾದರೆ ಎಲೆ ಮಡಚಿಕೊಳ್ಳುತ್ತದೆ, ಅದನ್ನು ಬಾಡಿದೆ ಎಂದು ತಿಳಿಯಬಾರದು. ಬೆಳಿಗ್ಗೆ ಒಂಬತ್ತು, ಹತ್ತಕ್ಕೆ ನೋಡಿ. ಆಗಲೂ ಜೋತಿದ್ದರೆ ಬೊಡ್ಡೆಯಿಂದ ನಾಲ್ಕೈದು ಅಡಿ ದೂರ, ಹಾರೆಯಿಂದ ಒಂದೂವರೆ ಅಡಿ ಆಳದ ಗುಣಿ ತೋಡಿ. ದಪ್ಪ ಬೇರು ಸಿಕ್ಕರೆ ಜಾಗ ಬದಲಿಸಿ. ಗುಣಿಗೆ ನೀರು ತುಂಬಿಸಿ ಇಂಗಲು ಬಿಟ್ಟು, ಸಂಜೆ ಮತ್ತೆ ತುಂಬಿಸಿ. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಎರಿ (ಜಿಗುಟು ಕಪ್ಪು) ಮಣ್ಣು ಬೇರಿನ ಉಸಿರು ಕಟ್ಟಿಸಿದೆ. ತೋಡಿದ ಮಣ್ಣು ಬೂದುನೀಲಿಯಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಪರೀಕ್ಷೆ ಅಷ್ಟಕ್ಕೇ ಸಾಕು. ಒಂದು ಸಣ್ಣ ಬೇರು ಹಿಡಿದು ಬೆರಳಿನಿಂದ ಎಳೆಯಿರಿ: ಜೀವಂತ ಬೇರು ಚಟ್ಟನೆ ಮುರಿದು ಒಳಗೆ ಬೆಳ್ಳಗಿರುತ್ತದೆ, ಕೊಳೆತದ್ದರ ಸಿಪ್ಪೆ ಕಾಲುಚೀಲದ ಹಾಗೆ ಜಾರಿ ಬರುತ್ತದೆ.

ಪರಿಹಾರ ಔಷಧದಲ್ಲಿಲ್ಲ. ಪಾತಿ ಮುರಿಯಿರಿ, ನೀರು ಹೊರಹೋಗಲು ಟೊಂಗೆಗಳ ಹರವಿನಾಚೆ ಒಂದು ಅಡಿ ಆಳದ ಕಾಲುವೆ ತೆಗೆದು ಗರಸು (ಜಲ್ಲಿಮಣ್ಣು) ತುಂಬಿ, ಫರಸಿ ಇದ್ದರೆ ಬೊಡ್ಡೆಯ ಸುತ್ತ ನಾಲ್ಕು ಅಡಿಯಾದರೂ ಎಬ್ಬಿಸಿ. ಬೀದರದ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ನಿಲ್ಲುವ ಕಾಟ ಅಪರೂಪ. ಅಲ್ಲಿ ಹಳದಿ ಕಂಡರೆ ಗೊಬ್ಬರದ ಕಡೆ ನೋಡಿ.

ಎಲೆಯ ಅಂಚು ಸುಟ್ಟ ಹಾಗೆ ಕಂದಾಗಿ, ನೆಲದ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಸವಳು. ಸುರಪುರ, ಶಹಾಪುರ ಕಡೆ ಕಾಲುವೆ ನೀರಾವರಿಯ ತಗ್ಗು ಹೊಲಗಳಂಚಿನ ಮರಗಳಲ್ಲಿ ಇದನ್ನು ನಿರೀಕ್ಷಿಸಬಹುದು. ಉಪ್ಪು ಬೋರಿನ ನೀರು ನಿಲ್ಲಿಸಿ. ಜಿಪ್ಸಂ ಎಷ್ಟು ಹಾಕಬೇಕೆಂಬುದು ಮಣ್ಣು ಪರೀಕ್ಷೆಯಾದ ಮೇಲೆಯೇ, ಅಂದಾಜಿನಲ್ಲಿ ಸುರಿಯಬೇಡಿ. ಕಲಬುರಗಿ, ಬೀದರ ಮತ್ತು ಸುರಪುರ ತಾಲ್ಲೂಕಿನ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಈ ಬಗ್ಗೆ ಕೇಳಬಹುದು.

ವಾರದಲ್ಲಿ ಎಲೆಯೆಲ್ಲ ಮಾಯ, ಕಡ್ಡಿ ಮಾತ್ರ ಉಳಿದಿದೆ

ಕೆಳಗೆ ಸಾಸಿವೆಯಂಥ ಕಪ್ಪು ಹಿಕ್ಕೆ ಬಿದ್ದಿದ್ದರೆ ಮೇಲೆ ಹಸಿರು ಹುಳು ಇದೆ. ಬೆನ್ನು ಗೂನು ಮಾಡಿ ಗೇಣು ಹಾಕಿದಂತೆ ನಡೆಯುವ ಹುಳು ಇದು, ಮಳೆಗಾಲದಲ್ಲಿ ಬರುತ್ತದೆ. ದೊಡ್ಡ ಮರ ಮತ್ತೆ ಚಿಗುರಿಕೊಳ್ಳುತ್ತದೆ, ಗೊರವಂಕ, ಕಾಗೆಗಳು ತಮ್ಮ ಕೆಲಸ ಮಾಡುತ್ತವೆ. ಮೂರು ವರ್ಷದೊಳಗಿನ ಗಿಡವಾದರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಎಣ್ಣೆ ನೀರಿನಲ್ಲಿ ಬೆರೆಯುವಷ್ಟು ಸೋಪು ಹಾಕಿ ಸಂಜೆ ಸಿಂಪಡಿಸಿ. ಹೂವಿರುವಾಗ ಯಾವ ಕೀಟನಾಶಕವೂ ಬೇಡ, ಜೇನು ಸಾಯುತ್ತದೆ. ಇಪ್ಪತ್ತೈದು ಅಡಿ ಮರಕ್ಕೆ ಕೆಳಗೆ ನಿಂತು ವಿಷ ಹೊಡೆದರೆ ಅರ್ಧ ಹೊಡೆದವರ ಮುಖದ ಮೇಲೇ ಬೀಳುತ್ತದೆ.

ತೊಗಟೆಯ ಮೇಲೆ ಬಲೆ, ಮಣ್ಣು ಅಥವಾ ಅಂಟು

ಟೊಂಗೆ ಕವಲೊಡೆಯುವಲ್ಲಿ ಕಂದು ಹೊಟ್ಟು ಅಂಟಿದ ರೇಷ್ಮೆ ಪಟ್ಟಿಯಂಥ ಬಲೆ ಇದ್ದರೆ ತೊಗಟೆ ತಿನ್ನುವ ಹುಳು. ಹಗಲು ರಂಧ್ರದೊಳಗೆ ಅಡಗಿ ರಾತ್ರಿ ಬಲೆಯಡಿ ತೊಗಟೆ ಮೇಯುತ್ತದೆ. ಬಲೆಯನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಿ ತೆಗೆದರೆ ರಂಧ್ರ ಕಾಣುತ್ತದೆ. ಹಳೆಯ ಸೈಕಲ್ ಚಕ್ರದ ಕಡ್ಡಿಯನ್ನು ಅದರೊಳಗೆ ತೂರಿಸಿ ಆಡಿಸಿ, ನಂತರ ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ ಹಸಿ ಎರಿ ಮಣ್ಣಿನಿಂದ ಬಾಯಿ ಮುಚ್ಚಿ. ಬೀಡಿ, ಬೆಂಕಿ ಹತ್ತಿರ ಬೇಡ. ಹತ್ತು ದಿನ ಬಿಟ್ಟು ನೋಡಿದಾಗ ಹೊಸ ಹೊಟ್ಟು ಕಂಡರೆ ಮತ್ತೊಮ್ಮೆ ಮಾಡಬೇಕು.

ಒರಲೆಯ (ಗೆದ್ದಲಿನ) ಮಣ್ಣಿನ ಗೆರೆಗೆ ಅಷ್ಟು ಗಾಬರಿ ಬೇಕಿಲ್ಲ. ಅದು ಹೆಚ್ಚಾಗಿ ಸತ್ತ ತೊಗಟೆ ತಿನ್ನುತ್ತದೆ. ಮಣ್ಣು ಕೆರೆದು ಕೆಳಗಿನ ತೊಗಟೆ ಗಟ್ಟಿ ಇದ್ದರೆ ಅಲ್ಲಿಗೆ ಮುಗಿಯಿತು. ಸ್ಕ್ರೂಡ್ರೈವರ್ ಬೆಣ್ಣೆಗೆ ಇಳಿದ ಹಾಗೆ ಒಳಗೆ ಹೋದರೆ ಒರಲೆಗಿಂತ ಮೊದಲೇ ಕೊಳೆ ಬಂದಿದೆ ಎಂದರ್ಥ. ಕೆಳಗಿನ ಭಾಗ ಓದಿ.

ಗಾಯದಿಂದ ಸ್ವಲ್ಪ ಅಂಟು ಸುರಿಯುವುದು ಮರದ ಸ್ವಂತ ಮದ್ದು. ಗಾಯವೇ ಇಲ್ಲದೆ, ಬುಡದ ಬಳಿ ಕಪ್ಪು ರಸ ಒಸರಿ ಹುಳಿ ವಾಸನೆ ಬಂದರೆ ಒಳಗೆ ಕೊಳೆಯುತ್ತಿದೆ.

ಟೊಂಗೆ ಮುರಿಯುತ್ತಿದೆ, ಮರ ವಾಲಿದೆ

ಗುಲ್‌ಮೊಹರ್ ಬೇಗ ಬೆಳೆಯುವ, ಮೆದು ಕಟ್ಟಿಗೆಯ, ಅಗಲ ಕೊಡೆಯ ಮರ. ಬೇರು ಆಳಕ್ಕಿಂತ ಅಗಲಕ್ಕೆ ಹೆಚ್ಚು ಹೋಗುತ್ತದೆ. ಬಡಗಿಗೆ ಇದರ ಕಟ್ಟಿಗೆ ಬೇಡ, ಒಲೆಗೆ ಒಣ ಕಾಯಿ ಆಗುತ್ತದೆ. ನೆರಳು ಮತ್ತು ಹೂವಿಗೆಂದೇ ಇರುವ ಮರ ಇದು. ಆ ಕೊಡೆಯೇ ಏಪ್ರಿಲ್, ಮೇ ತಿಂಗಳ ಬಿರುಗಾಳಿಗೆ ಹಾಯಿಯಾಗುತ್ತದೆ.

ಕೆಳಗೆ ಬರೆದದ್ದರಲ್ಲಿ ಒಂದು ಕಂಡರೂ ಸ್ವಂತ ಕೆಲಸ ನಿಲ್ಲಿಸಿ, ಮರದ ಕೆಳಗೆ ಗಾಡಿ, ಹಾಸಿಗೆ, ಮಕ್ಕಳ ಆಟ ಎಲ್ಲ ತೆಗೆಸಿ:

– ವಾಲಿದ ದಿಕ್ಕಿನ ಎದುರು ಬದಿಯಲ್ಲಿ ನೆಲ ಉಬ್ಬಿದೆ ಅಥವಾ ಹೊಸದಾಗಿ ಬಿರಿದಿದೆ. (ಎರಿ ನೆಲ ಬೇಸಿಗೆಯಲ್ಲಿ ಎಲ್ಲೆಲ್ಲೂ ಬಿರಿಯುತ್ತದೆ. ಬೊಡ್ಡೆಯನ್ನು ಬಳಸಿಕೊಂಡು ಬಿಲ್ಲಿನಂತೆ ಬಾಗಿದ, ಮಳೆ ಬಂದ ಮೇಲೂ ಮುಚ್ಚದ ಬಿರುಕು ಬೇರೆ.)
– ಬುಡದಲ್ಲಿ ಬೀಸಣಿಗೆಯಂಥ ಗಟ್ಟಿ ಅಣಬೆ, ಮೇಲೆ ಕೆಂಪುಕಂದು ಹೊಳಪು, ಅಡಿ ಬಿಳಿ. ಇದು ಗ್ಯಾನೊಡರ್ಮಾ. ಅಣಬೆ ಕಿತ್ತರೆ ರೋಗ ಹೋಗದು. ಅದು ಹೊರಗೆ ಕಾಣುವ ಹೊತ್ತಿಗೆ ಒಳಗಿನ ಬೇರು ಬಹಳಷ್ಟು ಹೋಗಿರುತ್ತದೆ. ಮದ್ದಿಲ್ಲ.
– ಗಟಾರು, ಕೇಬಲ್ ಅಥವಾ ರಸ್ತೆ ಅಗಲೀಕರಣಕ್ಕೆ ತೋಡಿದ ಕಾಲುವೆ ಬೊಡ್ಡೆಯ ದಪ್ಪದ ಮೂರು ಪಟ್ಟಿಗಿಂತ ಹತ್ತಿರ ಬಂದು ದಪ್ಪ ಬೇರು ಕಡಿದಿದೆ.
– ಎರಡು ದೊಡ್ಡ ಟೊಂಗೆ ಕೂಡುವ ಕವಲಿನಲ್ಲಿ ಸೀಳು.

ತಂತಿಗೆ ತಾಗಿದ ಟೊಂಗೆಯನ್ನು ಬಿದಿರಿನಿಂದಲೂ ಮುಟ್ಟಬಾರದು. ಹಸಿ ಬಿದಿರು, ಹಸಿ ಟೊಂಗೆ ಎರಡರಲ್ಲೂ ಕರೆಂಟು ಹರಿಯುತ್ತದೆ. 1912ಕ್ಕೆ ಕರೆ ಮಾಡಿ ಜೆಸ್ಕಾಂನವರು (ಕರೆಂಟ್ ಕಂಪನಿಯವರು) ಲೈನ್ ಬಂದ್ ಮಾಡಿದ ಮೇಲೆಯೇ ಮುಂದಿನ ಮಾತು. ಇಡೀ ಮರ ಕಡಿಯಬೇಕಾದರೆ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಅರಣ್ಯ ಇಲಾಖೆಯ ಕಚೇರಿಯಲ್ಲಿ ಅರ್ಜಿ ಕೊಡಿ. ಅರ್ಜಿಯ ಜೊತೆ ಅಣಬೆ, ಬಿರುಕು, ವಾಲಿದ ಕೋನದ ಫೋಟೋ ಇರಲಿ.

ಇಂಥ ಗುರುತು ಯಾವುದೂ ಇಲ್ಲದೆ ಬರೀ ಒಂದು ಟೊಂಗೆ ಭಾರವಾಗಿದ್ದರೆ, ಅದು ನೆಲದ ಮೇಲೆ ನಿಂತು ಕೈಗೆಟುಕುವಂತಿದ್ದರೆ, ತೆಗೆಯಬಹುದು. ಒಂದೇ ಏಟಿಗೆ ಮೇಲಿನಿಂದ ಕೊಯ್ದರೆ ಟೊಂಗೆ ಬೀಳುವಾಗ ಬೊಡ್ಡೆಯ ತೊಗಟೆಯನ್ನು ಮಾರುದ್ದ ಸುಲಿದುಕೊಂಡು ಹೋಗುತ್ತದೆ. ಹಾಗಾಗಿ ಮೂರು ಕೊಯ್ತ. ಬೊಡ್ಡೆಯಿಂದ ಒಂದು ಅಡಿ ದೂರ, ಕೆಳಬದಿಯಿಂದ ಮೇಲಕ್ಕೆ ಟೊಂಗೆಯ ದಪ್ಪದ ಮೂರನೇ ಒಂದು ಭಾಗ. ಅದಕ್ಕಿಂತ ಎರಡು ಇಂಚು ಆಚೆ, ಮೇಲಿನಿಂದ ಪೂರ್ತಿ, ಟೊಂಗೆ ಬಿತ್ತು. ಉಳಿದ ಮೋಟನ್ನು ಮೂರನೇ ಕೊಯ್ತದಲ್ಲಿ, ಟೊಂಗೆಯ ಬುಡದ ಉಬ್ಬಿದ ಉಂಗುರವನ್ನು ಬಿಟ್ಟು ಅದರ ಹೊರಗೆ ತೆಗೆಯಿರಿ. ಆ ಉಂಗುರದಿಂದಲೇ ಗಾಯ ಮುಚ್ಚುತ್ತದೆ. ಬೊಡ್ಡೆಗೆ ಸಮ ಮಾಡಿ ‘ಚೆಂದ’ ಕಾಣುವಂತೆ ಕೊಯ್ಯುವುದು ಈ ಭಾಗದಲ್ಲಿ ಕಾಣುವ ದೊಡ್ಡ ತಪ್ಪು. ಎರಡು ಮಳೆಗಾಲ ಕಳೆದರೆ ಅಲ್ಲೇ ಪೊಟರೆ.

ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬಹುದು. 100 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್) ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣ ಇನ್ನರ್ಧ ಲೀಟರಿನಲ್ಲಿ, ಎರಡೂ ಪ್ಲಾಸ್ಟಿಕ್ ಬಕೆಟ್‌ನಲ್ಲೇ. ಸುಣ್ಣ ಕುದಿದು ತಣ್ಣಗಾದ ಮೇಲೆ ಕೂಡಿಸಿ. ಉಜ್ಜಿದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆಯಿರಿ; ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಅವತ್ತೇ ಮುಗಿಸಿ. ಕೊಯ್ದ ಜಾಗ ತಪ್ಪಿದ್ದರೆ ಮುಲಾಮು ಅದನ್ನು ಉಳಿಸದು. ಪೊಟರೆಗೆ ಸಿಮೆಂಟು ತುಂಬುವುದಂತೂ ಬೇಡವೇ ಬೇಡ: ನೀರು ಒಳಗೇ ಉಳಿಯುತ್ತದೆ, ಗಾಳಿಗೆ ತೂಗುವ ಮರ ಗಟ್ಟಿ ಸಿಮೆಂಟಿಗೆ ಉಜ್ಜಿ ಇನ್ನಷ್ಟು ಸೀಳುತ್ತದೆ.

ಫರಸಿ ಎದ್ದಿದೆ, ಕಂಪೌಂಡ್ ಬಿರಿದಿದೆ

ಬೇರು ಕಡಿದು ಫರಸಿ ಉಳಿಸಿದರೆ ಮರ ಬೀಳುವ ಸಾಲಿಗೆ ಸೇರುತ್ತದೆ. ಎದ್ದ ಫರಸಿ ತೆಗೆದು ಗರಸು ಹರಡಿ; ಗೋಡೆಯಾದರೆ ಬೇರಿನ ಮೇಲೆ ಕಮಾನು ಬಿಟ್ಟು ಕಟ್ಟಿಸಿ. ಗೋಡೆ ಬಿರುಕಿಗೆ ಮರವೇ ಕಾರಣ ಎಂದು ತೀರ್ಮಾನಿಸುವ ಮುನ್ನ ಮರದಿಂದ ದೂರದ ಗೋಡೆಯನ್ನೂ ನೋಡಿ. ಎರಿ ನೆಲದ ಉಬ್ಬು, ಕುಗ್ಗಿಗೆ ಅದೂ ಬಿರಿದಿರುತ್ತದೆ.

ನೆಟ್ಟ ಸಸಿ ವರ್ಷದೊಳಗೆ ಒಣಗುತ್ತಿದೆ

ಒಣಗಿದ ಸಸಿಯನ್ನು ಕಿತ್ತು ಬೇರು ತೊಳೆದು ನೋಡಿ. ಬೇರು ಚೀಲದ ಆಕಾರದಲ್ಲೇ ಸುರುಳಿ ಸುತ್ತಿದ್ದರೆ ನರ್ಸರಿಯಲ್ಲೇ ಹಳತಾದ ಸಸಿ. ಇಂಥದ್ದು ಬದುಕಿದರೂ ಹತ್ತು ವರ್ಷಕ್ಕೆ ತನ್ನ ಕೊರಳನ್ನು ತಾನೇ ಬಿಗಿದುಕೊಂಡು ಗಾಳಿಗೆ ಮಗುಚುತ್ತದೆ. ಮೂರು ಅಡಿಯೊಳಗಿನ ಸಸಿ ಆರಿಸಿ, ಸುತ್ತಿದ ಬೇರು ಬಿಡಿಸಿ ಅಥವಾ ಕತ್ತರಿಸಿ ನೆಡಿ.

ಬೀಜದಿಂದಲೇ ಮಾಡುವುದು ಇನ್ನೂ ಅಗ್ಗ. ಒಣ ಕತ್ತಿಕಾಯಿ ಸೀಳಿ ಬೀಜ ತೆಗೆದು, ಒಲೆಯಿಂದ ಇಳಿಸಿದ ಬಿಸಿನೀರಿಗೆ ಹಾಕಿ ಒಂದು ಹಗಲು, ಒಂದು ರಾತ್ರಿ ಬಿಡಿ. ಉಬ್ಬಿದವನ್ನು ಎರಡು ಸೆಂಟಿಮೀಟರ್ ಆಳಕ್ಕೆ ಹಾಕಿದರೆ ವಾರ, ಹತ್ತು ದಿನದಲ್ಲಿ ಮೊಳಕೆ. ಉಬ್ಬದವನ್ನು ಒರಟು ಕಲ್ಲಿಗೆ ಉಜ್ಜಿ ಮತ್ತೆ ನೆನೆಹಾಕಿ. ಮೇಲಿನ ಸಿಪ್ಪೆ ಕಲ್ಲಿನಷ್ಟೇ ಗಟ್ಟಿ.

ಗುಣಿ ಎರಡು ಅಡಿ ಉದ್ದ, ಅಗಲ, ಆಳ. ಎರಿ ನೆಲದಲ್ಲಿ ಗುಣಿಗೆ ಬರೀ ತಿಪ್ಪೆಗೊಬ್ಬರ, ಮರಳು ತುಂಬಿದರೆ ಅದು ಬಾವಿಯಾಗಿ ಸುತ್ತಲಿನ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ. ತೋಡಿದ ಮಣ್ಣಿಗೇ ಮೂರರಲ್ಲೊಂದು ಪಾಲು ಗರಸು, ಗೊಬ್ಬರ ಬೆರೆಸಿ, ನೆಲಕ್ಕಿಂತ ಅರ್ಧ ಅಡಿ ದಿಬ್ಬ ಮಾಡಿ ನೆಡಿ. ಬೀದರದಲ್ಲಿ ಗುಣಿಯ ತಳದ ಗಟ್ಟಿ ಜಂಬಿಟ್ಟಿಗೆಯನ್ನು ಹಾರೆಯಿಂದ ಒಡೆಯದಿದ್ದರೆ ಬೇರು ಕುಂಡದಲ್ಲಿದ್ದಂತೆಯೇ ಉಳಿಯುತ್ತದೆ. ಮನೆಯಿಂದ, ಸಂಪಿನಿಂದ 25 ಅಡಿ ದೂರವಿರಲಿ, ತಂತಿಯ ಕೆಳಗಂತೂ ಬೇಡ. ಮೊದಲ ಎರಡು ಬೇಸಿಗೆ ಸಸಿಗೆ ಸಲಕ್ಕೆ 20 ಲೀಟರ್: ಕೆಂಪು ನೆಲದಲ್ಲಿ ಐದಾರು ದಿನಕ್ಕೊಮ್ಮೆ, ಎರಿಯಲ್ಲಿ ಹತ್ತು ಹನ್ನೆರಡು ದಿನಕ್ಕೊಮ್ಮೆ, ಅದೂ ಎರಡು ಇಂಚು ಕೆದರಿ ಒಣಗಿದ್ದು ಕಂಡರೆ ಮಾತ್ರ. ಆಸರೆಗೆ ಕಟ್ಟಿದ ಗೂಟದ ಹಗ್ಗವನ್ನು ವರ್ಷದೊಳಗೆ ಬಿಚ್ಚಿ. ಮರೆತ ನೈಲಾನ್ ಹಗ್ಗ ತೊಗಟೆಯೊಳಗೆ ಹೂತುಹೋಗಿ, ಚೆನ್ನಾಗಿ ಬೆಳೆದ ಗಿಡ ಮೂರನೇ ವರ್ಷ ಅದೇ ಗೆರೆಯಲ್ಲಿ ಮುರಿಯುತ್ತದೆ.